ನಾಯಕಿಗೆ ದನಿ ಕೊಟ್ಟವಳ ಗಂಡ

ಹೆಂಡತಿ ತೀರಿಕೊಂಡ ಮರುವಾರವೇ ಕನ್ನಡಕದಯ್ಯ ಮತ್ತೆ ಅಂಗಡಿ ತೆರೆದ. ಬೀದಿಯವರು ಅವನನ್ನು ಕರೆಯುತ್ತಿದ್ದುದೇ ಹಾಗೆ. ಔಷಧಿ ಅಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ ಒಬ್ಬರು ಕೂತು ಒಬ್ಬರು ನಿಲ್ಲುವಷ್ಟು ಜಾಗ. ಗೋಡೆಯ ತುಂಬ ಗಾಜಿಲ್ಲದ ಫ್ರೇಮುಗಳು, ಮೂಲೆಯಲ್ಲಿ ಗಾಜಿನ ಅಂಚು ಉಜ್ಜುವ ಯಂತ್ರ. ಸಾವಿಗೆ ಬಂದಿದ್ದ ನೆಂಟರು ಅವನ ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲವೆಂದು ಒಳಗೊಳಗೇ ಆಡಿಕೊಂಡಿದ್ದರು. ಅದು ಅವನ ಕಿವಿಗೂ ಬಿದ್ದಿತ್ತು. ಸುಳ್ಳೇನಲ್ಲವಲ್ಲ ಎಂದುಕೊಂಡಿದ್ದ.

ಮಗಳು ಇನ್ನೂ ಅಕ್ಷರ ಕಲಿಯುತ್ತಿದ್ದಾಗ ಹೆಂಡತಿಯ ಗಂಟಲಿನಲ್ಲಿ ಗಡ್ಡೆ ಬೆಳೆದಿತ್ತು. ಅದನ್ನು ತೆಗೆಯುವಾಗ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕಾಯಿತು. ಜೀವ ಉಳಿಯಿತು, ಮಾತು ಹೋಯಿತು. ಅಲ್ಲಿಂದಾಚೆಗೆ ಅವಳು ಕೈಸನ್ನೆಯಲ್ಲಿ, ಹುಬ್ಬಿನಲ್ಲಿ, ತಟ್ಟೆಗೆ ಚಮಚ ಬಡಿಯುವುದರಲ್ಲಿ ಸಂಸಾರ ನಡೆಸಿದಳು. ಒಮ್ಮೆ ಬಡಿದರೆ ಊಟಕ್ಕೆ ಬಾ ಎಂದು, ಬಿಡದೆ ಬಡಿದರೆ ಸಿಟ್ಟು. ಹಾಗಾಗಿ ಅವಳು ಹೋದ ಮೇಲೂ ಮನೆ ಹೆಚ್ಚುಕಡಿಮೆ ಮೊದಲಿನಂತೆಯೇ ಇತ್ತು. ಏನೋ ಇಲ್ಲವಾಗಿದೆ ಎಂದು ಬುದ್ಧಿ ಹೇಳುತ್ತಿತ್ತು, ಕಿವಿ ಒಪ್ಪುತ್ತಿರಲಿಲ್ಲ.

ಅಂಥ ದಿನಗಳಲ್ಲೇ ಒಂದು ಬೆಳಿಗ್ಗೆ ಇಬ್ಬರು ಅಂಗಡಿಗೆ ಬಂದರು. ಒಬ್ಬ ದಪ್ಪಗಿನವನು, ಅವನ ಜೇಬಿನ ಮೇಲೆ ಚಿತ್ರನಟನೊಬ್ಬನ ಮುಖದ ಬಿಲ್ಲೆ. ಇನ್ನೊಬ್ಬ ಸಣಕಲ, ಕುತ್ತಿಗೆಯಲ್ಲಿ ಅಳತೆ ಟೇಪು. ದಪ್ಪಗಿನವನು ಆ ನಟನ ಅಭಿಮಾನಿ ಸಂಘದ ಅಧ್ಯಕ್ಷ, ಹೊಟ್ಟೆಪಾಡಿಗೆ ಪಂಕ್ಚರ್ ಹಾಕುತ್ತಿದ್ದ. ಸಣಕಲನು ಟೈಲರ್. ನಟನನ್ನು ಅವರು ಕರೆಯುವುದು ದೊರೆ ಎಂದು.

"ದೊರೆ ಮೊದಲನೇ ಪಿಕ್ಚರ್ ನೋಡಿದೀರಾ ಯಜಮಾನ್ರೇ?" ಅಧ್ಯಕ್ಷ ಕೇಳಿದ.

"ಇಲ್ಲ."

"ನಾವೂ ನೋಡಿಲ್ಲ. ಒಂದೇ ವಾರಕ್ಕೆ ಎತ್ತಂಗಡಿ ಆಯ್ತು. ಪ್ರಿಂಟ್ ಎಲ್ಲಿ ಹೋಯ್ತೋ ಯಾರಿಗೂ ಗೊತ್ತಿಲ್ಲ, ಹುಡುಕ್ತಾ ಇದೀವಿ. ಅದ್ರಲ್ಲಿ ಹೀರೋಯಿನ್‌ಗೆ ಭಾಷೆ ಬರ್ತಿರ್ಲಿಲ್ವಂತೆ. ದನಿ ಕೊಟ್ಟಿದ್ದು ನಿಮ್ಮನೆಯವ್ರು ಅಂತ ಹಳೇ ಸೌಂಡ್ ಎಂಜಿನಿಯರ್ ಒಬ್ರು ಹೇಳಿದ್ರು."

ಕನ್ನಡಕದಯ್ಯ ಯಂತ್ರ ನಿಲ್ಲಿಸಿದ. ಮಾತು ನಿಜ. ಮದುವೆಗೆ ಮೊದಲು ಅವಳು ಒಂದು ಸಿನಿಮಾ ಕಂಪನಿಯಲ್ಲಿ ಟೈಪಿಸ್ಟ್ ಆಗಿದ್ದಳು. ದನಿ ಕೊಡಬೇಕಾದವಳು ಜ್ವರವೆಂದು ಮಲಗಿಬಿಟ್ಟಾಗ, ನೀನೇ ಬಾಮ್ಮ ಎಂದು ಇವಳನ್ನು ಮೈಕಿನ ಮುಂದೆ ನಿಲ್ಲಿಸಿದ್ದರು. ಮದುವೆಯಾದ ಹೊಸದರಲ್ಲಿ ಅವಳು ಅದನ್ನು ನಗುನಗುತ್ತ ಹೇಳಿದ್ದಳು. ಅವಳು ಏನು ಹೇಳಿದಳೆಂಬುದು ಅವನಿಗೆ ಚೆನ್ನಾಗಿ ನೆನಪಿತ್ತು. ಹೇಳಿದ ದನಿ ಮಾತ್ರ ಎಷ್ಟು ತಡಕಾಡಿದರೂ ಸಿಗಲಿಲ್ಲ.

"ಅಮ್ಮಾವ್ರನ್ನ ಒಂದ್ಸಲ ಮಾತಾಡಿಸ್ಬೋದಾ?"

"ಹೋದ್ರು."

"ಎಲ್ಲಿಗೆ?"

ಟೈಲರ್ ಅಧ್ಯಕ್ಷನ ಪಕ್ಕೆಗೆ ಮೊಣಕೈಯಿಂದ ತಿವಿದ. ಟೈಲರ್‌ಗೆ ಹುಟ್ಟಿದ ಒಂದೆರಡು ವರ್ಷಕ್ಕೇ ಕಿವಿ ಹೋಗಿತ್ತು. ತುಟಿ ನೋಡಿಯೇ ಮಾತು ಹಿಡಿಯುವವನಾದ್ದರಿಂದ ಎದುರಿನವರ ಮುಖ ಅವನಿಗೆ ಬೇಗ ಅರ್ಥವಾಗುತ್ತಿತ್ತು. ಅಧ್ಯಕ್ಷ ನಾಲಿಗೆ ಕಚ್ಚಿಕೊಂಡ. ಇಬ್ಬರೂ ಮೆಟ್ಟಿಲಿಳಿದ ಮೇಲೆ ಕನ್ನಡಕದಯ್ಯ ಹಿಂದಿನಿಂದ ಕರೆದು ಹೇಳಿದ: "ಹುಡುಕೋಕೆ ಹೋಗುವಾಗ ನನ್ನೂ ಕರೀರಿ."

ಭಾನುವಾರಗಳಲ್ಲಿ ಅವರ ಜೊತೆ ಹೊರಟ. ಮುಚ್ಚಿಹೋದ ಚಿತ್ರಮಂದಿರಗಳ ಉಗ್ರಾಣ, ಹಳೆ ವಿತರಕರ ಮನೆಯ ಅಟ್ಟ, ಗುಜರಿ ಅಂಗಡಿಯ ಹಿತ್ತಿಲು. ಒಂದು ಕಡೆ ತುಕ್ಕು ಹಿಡಿದ ಡಬ್ಬಿಗಳ ರಾಶಿಯೇ ಸಿಕ್ಕಿತು. ಮುಚ್ಚಳ ತೆಗೆದರೆ ಮೂಗಿಗೆ ಹೊಡೆಯುವ ಹುಳಿ ವಾಸನೆ, ಒಳಗೆ ಫಿಲ್ಮು ಅಂಟಿಕೊಂಡು ಕಪ್ಪು ಬೆಲ್ಲದಂತೆ ಮುದ್ದೆಯಾಗಿತ್ತು. ಅಧ್ಯಕ್ಷ ತಲೆಯ ಮೇಲೆ ಕೈಹೊತ್ತು ಕೂತ. ಕನ್ನಡಕದಯ್ಯನಿಗೆ ಬೇಸರವೂ ಆಗಲಿಲ್ಲ. ಮುಚ್ಚಳ ಹಾಕಿ ಕೈ ಒರೆಸಿಕೊಂಡ.

ಮಗಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಮಾತು ಕಡಿಮೆ. ಅಪ್ಪ ಮೈತುಂಬ ಧೂಳು ಮಾಡಿಕೊಂಡು ಬರುವುದನ್ನು ಕೆಲವು ವಾರ ನೋಡಿ, ಒಂದು ಸಂಜೆ ಕೇಳಿಯೇಬಿಟ್ಟಳು.

"ಸಿನಿಮಾ ಅಂದ್ರೆ ಆಗದವನು ನೀನು. ಈ ವಯಸ್ಸಲ್ಲಿ ಇದೇನಪ್ಪ ಹುಚ್ಚು?"

"ನಿಮ್ಮಮ್ಮನ ದನಿ ಇದೆ ಅದ್ರಲ್ಲಿ."

ಮಗಳು ತೊಳೆಯುತ್ತಿದ್ದ ಪಾತ್ರೆಯನ್ನು ಹಾಗೇ ನಲ್ಲಿಯ ಕೆಳಗೆ ಹಿಡಿದು ನಿಂತಳು. ಪಾತ್ರೆ ತುಂಬಿ ನೀರು ಹೊರಚೆಲ್ಲಿತು. "ನಂಗೂ ನೆನಪಿಲ್ಲ," ಎಂದಳು.

ಚಿತ್ರ ಕೊನೆಗೆ ಸಿಕ್ಕಿತು, ಇವರು ಹುಡುಕಿದ ಯಾವ ಜಾಗದಲ್ಲೂ ಅಲ್ಲ. ದೂರದ ದೇಶವೊಂದರ ಸಂಗ್ರಹದಲ್ಲಿ ಬೇರೊಂದು ಚಿತ್ರದ ಹೆಸರು ಬರೆದ ಡಬ್ಬಿಗಳಲ್ಲಿ ಅದು ತಣ್ಣಗೆ ಕೂತಿತ್ತು. ಅಲ್ಲಿನವರು ಪ್ರತಿ ಮಾಡಿ ಕಳಿಸಿಕೊಟ್ಟರು. ಅಧ್ಯಕ್ಷ ಒಂದು ಸಣ್ಣ ಹಾಲ್ ಗೊತ್ತುಮಾಡಿ ಸಂಘದವರನ್ನೆಲ್ಲ ಕರೆದ. ಕನ್ನಡಕದಯ್ಯನಿಗೆ ಮುಂದಿನ ಸಾಲಿನಲ್ಲಿ ಜಾಗ.

ಪರದೆಯ ಮೇಲೆ ಮೀಸೆ ಚಿಗುರುತ್ತಿದ್ದ ದೊರೆ ಸೈಕಲ್ ಹೊಡೆದುಕೊಂಡು ಬಂದ. ಹಾಲಿನಲ್ಲಿ ಸಿಳ್ಳೆಯೋ ಸಿಳ್ಳೆ. ಸಿಳ್ಳೆ ನಿಂತ ಮೇಲೂ ಪರದೆಯಿಂದ ಸದ್ದೇ ಬರಲಿಲ್ಲ. ನಾಯಕಿ ಕಿಟಕಿಗೆ ಬಂದು ತುಟಿ ಆಡಿಸಿದಳು, ನಕ್ಕಳು, ಮತ್ತೆ ತುಟಿ ಆಡಿಸಿದಳು. ಕನ್ನಡಕದಯ್ಯ ಕಾದ. ಅಧ್ಯಕ್ಷ ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ.

"ಚಿತ್ರ ಒಂದು ಸುರುಳಿ, ಸೌಂಡ್ ಬೇರೆ ಸುರುಳಿ ಅಂತೆ. ಚಿತ್ರದ್ದು ಮಾತ್ರ ಸಿಕ್ಕಿದ್ದು. ನಿಮಗೆ ಹೇಳೋಕೆ ಬಾಯೇ ಬರ್ಲಿಲ್ಲ ಯಜಮಾನ್ರೇ."

"ಪರವಾಗಿಲ್ಲ."

ಪರವಾಗಿಲ್ಲ ಎಂದೇ ಅವನಿಗೆ ಅನಿಸಿತ್ತು. ಬಸ್ಸು ತಪ್ಪಿಹೋದರೆ ಆಗುವಷ್ಟು ಕೂಡ ಆಗಲಿಲ್ಲ. ಆಗ ಹಿಂದಿನ ಸಾಲಿನಿಂದ ಏರಿಳಿತವಿಲ್ಲದ, ಒರಟಾದ ದನಿಯೊಂದು ಕೇಳಿತು. ಟೈಲರ್ ನಾಯಕಿಯ ತುಟಿ ನೋಡುತ್ತ ಜೋರಾಗಿ ಹೇಳುತ್ತಿದ್ದ: "ಇಷ್ಟು ಹೊತ್ತು ಎಲ್ಲಿ ಹೋಗಿದ್ರಿ. ನಾನು ಊಟ ಮಾಡ್ದೆ ಕಾಯ್ತಾ ಇದೀನಿ." ಯಾರೋ ಕಿಸಕ್ಕೆಂದರು. ಆಮೇಲೆ ಯಾರೂ ನಗಲಿಲ್ಲ. ಚಿತ್ರ ಮುಗಿಯುವವರೆಗೂ ಟೈಲರ್ ಎಲ್ಲರ ಮಾತನ್ನೂ ಒಬ್ಬನೇ ಆಡಿದ. ಆ ನಾಯಕಿಗೆ ಭಾಷೆ ಬಾರದಿದ್ದರೂ ಯಾರೋ ಕೂತು ಮಾತು ಕಲಿಸಿದ್ದಿರಬೇಕು, ಒಂದಕ್ಷರ ತಪ್ಪಿರಲಿಲ್ಲ.

ಸಂಘದವರು ಚಿತ್ರಕ್ಕೆ ಹೊಸದಾಗಿ ದನಿ ಕೂಡಿಸುವುದೆಂದು ನಿಶ್ಚಯಿಸಿದರು. ದೊರೆಯ ಮಾತಿಗೆ ಮಿಮಿಕ್ರಿಯವನು ಸಿಕ್ಕಿದ. ಅಧ್ಯಕ್ಷ ಕನ್ನಡಕದಯ್ಯನ ಮನೆಗೇ ಬಂದು, ತಲೆ ಕೆರೆದುಕೊಳ್ಳುತ್ತ ಮಗಳನ್ನು ಕೇಳಿದ: "ಹೀರೋಯಿನ್ ಮಾತು ನೀವೇ ಆಡ್ಬೇಕಕ್ಕ. ತಾಯಿ ದನಿ ಮಗಳಿಗೆ ಬಂದೇ ಬಂದಿರತ್ತೆ."

"ನಂಗೆ ಲ್ಯಾಬಲ್ಲಿ 'ಕೈ ಮುಷ್ಟಿ ಮಾಡಿ, ಉಸಿರು ಬಿಡಿ' ಅನ್ನೋದು ಬಿಟ್ರೆ ಬೇರೆ ಡೈಲಾಗ್ ಬರಲ್ಲ," ಎಂದಳು ಮಗಳು. ಆದರೂ ರಜೆ ಹಾಕಿ ಹೋದಳು.

ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಕನ್ನಡಕದಯ್ಯ ಗಾಜಿನ ಗೋಡೆಯ ಈಚೆ ಕೂತಿದ್ದ. ಮಗಳು ಮೊದಮೊದಲು ತಡವರಿಸಿದಳು, ಮಧ್ಯಾಹ್ನದ ಹೊತ್ತಿಗೆ ಹದಕ್ಕೆ ಬಂದಳು. ಊಟ ಮಾಡದೆ ಕಾಯುತ್ತಿದ್ದೇನೆ ಎಂದು ಸ್ಪೀಕರಿನಲ್ಲಿ ಅವಳ ದನಿ ಬಂದಾಗ, ಶಬ್ದ ಹಿಡಿಯುತ್ತಿದ್ದವನು ಇವನತ್ತ ತಿರುಗಿದ.

"ಹೋಲತ್ತಾ ಸಾರ್?"

ಅವನು ಯೋಚಿಸಿದ. ಹೌದು ಎಂದಿದ್ದರೆ ಎಲ್ಲರಿಗೂ ಸಮಾಧಾನವಾಗುತ್ತಿತ್ತು.

"ಗೊತ್ತಾಗಲ್ಲಪ್ಪ," ಎಂದ.

ಹೊರಗೆ ಬಂದಾಗ, ದಿನವಿಡೀ ಮಾತಾಡಿ ಮಗಳ ದನಿ ಕೂತುಹೋಗಿತ್ತು. ಬಸ್ಸಿನಲ್ಲಿ ಅವನೇ ಕೇಳಿದ: "ಕಷ್ಟ ಆಯ್ತಾ?"

"ಅಮ್ಮ ಅಂದ್ಕೊಂಡು ಆಡೋಕೆ ಹೋದೆ, ಆಗ್ಲಿಲ್ಲ. ಆಮೇಲೆ ನಾನೇ ನಿನ್ನ ಹತ್ರ ಮಾತಾಡೋ ಹಾಗೆ ಆಡಿದೆ." ಟಿಕೆಟ್ಟನ್ನು ಮಡಚುತ್ತ ಸೇರಿಸಿದಳು: "ನಾವಿಬ್ರೂ ಅಷ್ಟೊಂದು ಮಾತಾಡೋದೇ ಇಲ್ಲ ಅಲ್ವಾ."

ಅವನು ಇಲ್ಲವೆಂದು ತಲೆಯಾಡಿಸಿದ.

ಪ್ರದರ್ಶನದ ದಿನ ಚಿತ್ರಮಂದಿರ ಕಿಕ್ಕಿರಿದಿತ್ತು. ಪರದೆಯ ಮೇಲೆ ದೊರೆ ಬಂದಾಗ ಕಾಗದದ ಚೂರು ತೂರಿದರು, ಕುರ್ಚಿಯ ಮೇಲೆ ಹತ್ತಿ ಕುಣಿದರು. ಅಪ್ಪ ಮಗಳು ಕೊನೆಯ ಸಾಲಿನಲ್ಲಿದ್ದರು. ಹೆಂಡತಿ ಹೋದಂದಿನಿಂದ ಕನ್ನಡಕದಯ್ಯನಿಗೆ ನೆಟ್ಟಗೆ ನಿದ್ದೆ ಇರಲಿಲ್ಲ. ಆ ಗದ್ದಲದ ನಡುವೆ ಅವನ ಕಣ್ಣು ಎಳೆಯತೊಡಗಿತು. ನಾಯಕಿ ಕಿಟಕಿಗೆ ಬರುವ ಹೊತ್ತಿಗೆ ಗೊರಕೆ ಹೊಡೆಯುತ್ತಿದ್ದ. ಮಗಳು ಎಬ್ಬಿಸಲು ಹೋಗಲಿಲ್ಲ, ಅವನ ತಲೆ ಮುಂದಕ್ಕೆ ವಾಲದಂತೆ ಭುಜ ಕೊಟ್ಟು ಕೂತಳು.

ದೀಪ ಹತ್ತಿದಾಗ ಎಚ್ಚರವಾಯಿತು.

"ಮುಗೀತಾ?"

"ಮುಗೀತು. ನಿಧಾನ ಏಳು, ಎಲ್ಲಾರೂ ಹೋಗ್ಲಿ."

ಸಾಲುಗಳು ಖಾಲಿಯಾಗುವವರೆಗೆ ಇಬ್ಬರೂ ಕೂತೇ ಇದ್ದರು. ಮಗಳು ಲ್ಯಾಬಿನಲ್ಲಿ ಸೂಜಿ ಕಂಡು ಮೂರ್ಛೆ ಹೋದ ಪೈಲ್ವಾನನ ವಿಷಯ ಹೇಳತೊಡಗಿದಳು.