ಕಾಲುಚೀಲದೊಳಗಿನ ಗುಂಡಿನಚ್ಚು

ನಮ್ಮ ಮೊಮ್ಮಗಳಿಗೆ ಮ್ಯೂಸಿಯಂನಲ್ಲಿ ಕೆಲಸ ಸಿಕ್ಕಿತು. ಹಳೇ ಸಾಮಾನು ಜ್ವಾಕಿಯಿಂದ ಕಾಯ್ದಿಡುವ ಕೆಲಸ. ಬೆಳಿಗ್ಗೆ ಮ್ಯೂಸಿಯಂನವರ ಫೋನು ಬಂದಾಗಿನಿಂದ ನನಗೆ ಕೂತಲ್ಲಿ ಕೂಡಲಿಕ್ಕೆ ಆಗುತ್ತಿಲ್ಲ. ಅಕ್ಷರ ಸೊಟ್ಟಗಾದರೂ ಚಿಂತೆಯಿಲ್ಲ, ಕೆಳಗಿನ ಮನೆ ಜರ್ಮನ್ ಅಜ್ಜಾರ ಬಗ್ಗೆ ಇವತ್ತೇ ಬರೆಯಬೇಕು.

ಅಜ್ಜಾರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಅದೇ ಉಗುರಿನಿಂದ ಗುಂಡಿನಚ್ಚಿನ ಅಂಚು ಸವರಿ, ಹಳೆಯದೋ ನಕಲಿಯೋ ಹೇಳಿಬಿಡುತ್ತಿದ್ದರು. ಗುಂಡಿನಚ್ಚು ಅಂದರೆ ನೋಡಲಿಕ್ಕೆ ನಮ್ಮ ಅಡಕತ್ತರಿಯ ಹಾಗೆ. ಬಾಯಿ ಮುಚ್ಚಿ, ಮೇಲಿನ ತೂತಿನಲ್ಲಿ ಕರಗಿದ ಸೀಸ ಹೊಯ್ದರೆ ಒಳಗೆ ಬಂದೂಕಿನ ಗುಂಡು ತಯಾರು. ಹಿಂದಿನ ಕಾಲದ ಸಿಪಾಯಿಗಳದ್ದು. ಊರೂರಿನ ಹಳೇ ಸಾಮಾನಿನ ಸಂತೆ ಅಲೆದು ಅಂಥವನ್ನು ಕೂಡಿಸಿದ್ದರು. ಒಂದೊಂದನ್ನೂ ಬೆಚ್ಚನೆಯ ಉಣ್ಣೆಯ ಕಾಲುಚೀಲದಲ್ಲಿ ಮಲಗಿಸಿಡುವರು. ತಾವು ಹಾಕಿಕೊಳ್ಳುತ್ತಿದ್ದದ್ದು ಹರಕು.

ಜರ್ಮನಿಯ ಈ ಶ್ವೀಬರ್ಡಿಂಗೆನ್‌ಗೆ ನಾವು ಬಂದಾಗಿನಿಂದ ಮೊಮ್ಮಗಳು ಬೆಳೆದದ್ದೇ ಅವರ ಮನೆಯಲ್ಲಿ. ಹೈಡೆಲ್‌ಬರ್ಗ್‌ಗೆ ಓದಲು ಹೋದಮೇಲೂ, ರಜೆಗೆ ಬಂದರೆ ಮೊದಲು ಅವರ ಬಾಗಿಲು ಬಡಿದು ಆಮೇಲೆ ನಮ್ಮಲ್ಲಿಗೆ. “ಮೊದಲು ಕಣ್ಣು, ಆಮೇಲೆ ಕೈ, ಕಟ್ಟಕಡೆಗೆ ನಾಲಿಗೆ” ಎಂದು ಅವಳಿಗೆ ಕಲಿಸಿದ್ದರು. ಅಚ್ಚನ್ನು ತೊಳೆಯುವಂತಿಲ್ಲ, ತಿಕ್ಕುವಂತಿಲ್ಲ, ಬೆವರುಗೈಯಲ್ಲಿ ಹಿಡಿಯುವಂತಿಲ್ಲ. ವಯಸ್ಸಾದದ್ದಕ್ಕೆ ವಯಸ್ಸು ಕಾಣಬೇಕು ಅನ್ನುವರು.

ಹೋದ ವರ್ಷ ಬಿದ್ದು ಸೊಂಟ ಮುರಿದುಕೊಂಡರು. ಇನ್ನು ವೃದ್ಧಾಶ್ರಮಕ್ಕೆ ಹೋಗಬೇಕು, ಅಲ್ಲಿ ಒಂದೇ ಕೋಣೆ. ಕೂಡಿಸಿದ್ದೆಲ್ಲ ಗುಜರಿ ಪಾಲಾಗುವುದು ಎಂಬ ಸಂಕಟಕ್ಕೆ ಊಟ ಬಿಟ್ಟರು. ಮ್ಯೂಸಿಯಂನ ಹಿರಿಯ ಹೆಣ್ಣುಮಗಳು, ನಾವು ಬಾಯಿಯವರು ಅನ್ನುತ್ತಿದ್ದೆವು, ಹೇಳಿದ್ದರು: ನಿಮ್ಮಲ್ಲಿರುವ ದೊಡ್ಡ ಹಿತ್ತಾಳೆ ಅಚ್ಚು ಸೈನ್ಯದ್ದೇ ಎಂಬ ಗುರುತು ಸಿಕ್ಕರೆ ಕೂಡಿಸಿದ ಅಷ್ಟನ್ನೂ ಒಯ್ಯುತ್ತೇವೆ, ಇಲ್ಲದಿದ್ದರೆ ಒಂದೂ ಬೇಡ. ಆ ಗುರುತೇ ಸಿಕ್ಕಿರಲಿಲ್ಲ. ಆಕೆ ನೋಡಲು ಬರುವ ದಿನ, ಫೋಟೋ ತೆಗೆಯಲೆಂದು ಮೊಮ್ಮಗಳು ಆ ಅಚ್ಚನ್ನು ನಮ್ಮ ಮನೆಗೆ ತಂದಿಟ್ಟು ಜಳಕಕ್ಕೆ ಹೋದಳು.

ಅವತ್ತೇ ಖಂಡೆ ಪೂಜೆ, ಆಯುಧಗಳ ಪೂಜೆ. ದೇವರ ಜಗಲಿ ಮುಂದೆ ಮಗನ ಲ್ಯಾಪ್‌ಟಾಪು, ಕಾರಿನ ಕೀಲಿ, ಇಳಿಗೆಮಣೆ ಇಟ್ಟಿದ್ದೆ. ಯುದ್ಧದ ಸಾಮಾನನ್ನೇ ಬಿಟ್ಟು ಪೂಜೆ ಮಾಡುವುದು ಹೇಗೆ? ಅಚ್ಚಿಗೂ ಅರಿಷಿಣ ಕುಂಕುಮ ಒತ್ತಿ ಹಚ್ಚಿದೆ.

ಜಳಕ ಮುಗಿಸಿ ಬಂದ ಮೊಮ್ಮಗಳು ಅಲ್ಲೇ ನಿಂತುಬಿಟ್ಟಳು. “ಆಯೀ, ಏನ್ ಮಾಡಿದಿ. ಅಜ್ಜಾರು ಇನ್ನ ನನ್ನ ಮನಿಯೊಳಗ ಬಿಟ್ಟುಕೊಳ್ಳೂದಿಲ್ಲ.”

“ಕುಂಕುಮ ಹಚ್ಚೇನವಾ, ಆಸಿಡ್ ಹಾಕೇನೇನು?”

“ಅವರಿಗೆ ಎರಡೂ ಒಂದ.”

ಅಷ್ಟರಲ್ಲಿ ಬೆಲ್ಲು. ಬಾಗಿಲಲ್ಲಿ ಕೋಲೂರಿಕೊಂಡು ಅಜ್ಜಾರು, ಅವರ ಹಿಂದೆ ಮ್ಯೂಸಿಯಂ ಬಾಯಿಯವರು. ಅಚ್ಚು ಕಂಡದ್ದೇ ಅಜ್ಜಾರ ಮುಖ ಸುಣ್ಣದ ಹಾಗಾಯಿತು. ನಾನು ಸೆರಗಿನಿಂದ ಅಚ್ಚನ್ನು ಮೆಲ್ಲಗೆ ಒರೆಸತೊಡಗಿದೆ. ಅವರ ಕೋಲು ನನ್ನ ಕೈಗೆ ಅಡ್ಡ ಬಂತು.

ಅಚ್ಚನ್ನು ಕಿಟಕಿಗೆ ಒಯ್ದು, ಭೂತಗನ್ನಡಿ ಹಿಡಿದು ಬಹಳ ಹೊತ್ತು ನಿಂತರು. ಆಮೇಲೆ ಕನ್ನಡಿಯನ್ನು ಮೊಮ್ಮಗಳಿಗೆ ಕೊಟ್ಟರು. ಹಿಡಿಕೆಯ ಬುಡದಲ್ಲಿ, ಹಿತ್ತಾಳೆ ಕಪ್ಪುಗಟ್ಟಿ ಮುಚ್ಚಿಹೋದಂತಿದ್ದ ತಗ್ಗಿನಲ್ಲಿ ಕುಂಕುಮ ಉಳಿದು, ಕೆತ್ತಿದ ಗೆರೆ ಕೆಂಪಗೆ ಎದ್ದು ಕಾಣುತ್ತಿತ್ತು. ಒಂದು ಪುಟ್ಟ ಕಿರೀಟ, ಅದರ ಕೆಳಗೆ ಅಂಕಿ. ಸೈನ್ಯದ ಪಲ್ಟನ್ನಿನ ಮುದ್ರೆ, ಬೇಕಾಗಿದ್ದ ಗುರುತು. ಬಾಯಿಯವರೂ ನೋಡಿ ತಲೆಯಾಡಿಸಿದರು.

ಅಜ್ಜಾರು ನನ್ನ ಕಡೆ ತಿರುಗಿ ಜರ್ಮನ್‌ನಲ್ಲಿ ಏನೋ ಅಂದರು.

“ಬೈಯಾಕತ್ತಾರೇನ?” ಕೇಳಿದೆ.

ಮೊಮ್ಮಗಳು ಕಣ್ಣೊರೆಸಿಕೊಂಡಳು. “ಉಳದವಕ್ಕ ಯಾವಾಗ ಪೂಜಿ ಅಂತ ಕೇಳಾಕತ್ತಾರ.”

ಅಷ್ಟೂ ಅಚ್ಚುಗಳು ಕಾಲುಚೀಲದ ಸಮೇತ ಮ್ಯೂಸಿಯಂ ಸೇರಿದವು. ಒಂದೊಂದರ ಕಥೆ ಬಾಯಿಯವರಿಗೆ ಬಿಡಿಸಿ ಹೇಳಿದವಳು ನಮ್ಮ ಹುಡುಗಿ. ಅಜ್ಜಾರು ಪಕ್ಕದಲ್ಲಿ ಸುಮ್ಮನೆ ಕೂತಿದ್ದು, ಅವಳು ತಪ್ಪಿದರೆ ಮಾತ್ರ ಕೋಲಿನಿಂದ ನೆಲ ತಟ್ಟುವರು. ಆ ಚಳಿಗಾಲದಲ್ಲೇ ಅವರು ತೀರಿಕೊಂಡರು. ಅವರಿಲ್ಲದಿದ್ದರೆ ಇವತ್ತಿನ ಫೋನು ಎಲ್ಲಿಂದ ಬರಬೇಕು? ಅವರ ಋಣ ನಮ್ಮ ಮನೆತನದ ಮೇಲೆ ಹಾಗೇ ಇರಲಿ.

ಇವತ್ತು ಸಂಜೆ ಮಗ ಆಫೀಸಿನಿಂದ ಬೇಗ ಬಂದ. ಸೊಸೆ ಹೋಳಿಗೆ ಮಾಡಿದ್ದಳು. ಎಲ್ಲರೂ ಒಂದೇ ಸಾಲಿಗೆ ಕೂತೆವು. ಮೊಮ್ಮಗಳು ಮೊದಲ ಹೋಳಿಗೆ ನನ್ನ ತಾಟಿಗೆ ಹಾಕಿ, “ಆಯಿ, ನೀ ಶುರು ಮಾಡು” ಅಂದಳು. ತುಪ್ಪ ಮೊಣಕೈತನಕ ಇಳಿಯುವ ಹಾಗೆ ಉಂಡೆವು.