ನೊಣದ ತಾಯಿಯೂ ನನ್ನ ತಾಯಿಯೂ

ನಾನು ತರೀಕೆರೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ, ಜೊತೆಗೆ ಹಣ್ಣಿನ ನೊಣ ಸಾಕುತ್ತೇನೆ. ಬಾಳೆಹಣ್ಣು ಕೊಳೆತರೆ ಮುತ್ತುತ್ತವಲ್ಲ, ಆ ಪುಟ್ಟ ನೊಣಗಳೇ. ರವೆ, ಬೆಲ್ಲ, ಗಟ್ಟಿಯಾಗಲು ಅಗರ್ ಪುಡಿ ಹಾಕಿ ಬೇಯಿಸಿ ಬಾಟಲಿಗೆ ಸುರಿದರೆ ಅದೇ ಅವುಗಳ ಊಟ. ಒಂದು ರಜೆಯಲ್ಲಿ ಬಾಟಲಿಗಳನ್ನು ಅಜ್ಜಂಪುರದ ತವರಿಗೇ ತಂದು, ಅಡುಗೆಮನೆಯಲ್ಲಿ ಆ ಊಟ ಬೇಯಿಸಿದೆ. ಅಮ್ಮ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದಳು: "ನನ್ನ ಮಗಳು ನೊಣಕ್ಕೆ ಸಜ್ಜಿಗೆ ಮಾಡಿ ಬಡಿಸ್ತಾಳೆ ಕಣ್ರೀ. ಅದಕ್ಕೇ ಇಷ್ಟು ವರ್ಷ ಓದಿದ್ದು!" ನನ್ನ ಓದಿನ ಬಗ್ಗೆ ಅವಳಿಗಿದ್ದ ಗೌರವ ಅಷ್ಟೇ. ನನಗೂ ಅವಳ ಮೇಲೆ ಹೇಳಿಕೊಳ್ಳುವಂಥ ಪ್ರೀತಿ ಉಳಿದಿರಲಿಲ್ಲ.

ಆ ರಜೆಯಲ್ಲೇ ನಾನು ಬಾಯಿ ಬಿಟ್ಟು ಕೆಟ್ಟೆ. ಅಮ್ಮ ಮತ್ತು ತಮ್ಮನ ಹೆಂಡತಿ ಪಡಸಾಲೆಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ತಮ್ಮನ ಹೆಂಡತಿ ಬುಕ್ಕಾಂಬುಧಿಯವಳು, ಏನು ಕಂಡರೂ ಕೇಳಿ ತಿಳಿದುಕೊಳ್ಳುವ ಸ್ವಭಾವ. "ಅಷ್ಟು ಸಣ್ಣ ಮೊಟ್ಟೇಲಿ ತಲೆ ಎಲ್ಲಿ ಬರ್ಬೇಕು ಅಂತ ಹೆಂಗಕ್ಕ ಗೊತ್ತಾಗುತ್ತೆ?" ಎಂದಳು. ಹಾಗೆ ಯಾರಾದರೂ ಕೇಳಿದರೆ ನನ್ನನ್ನು ಹಿಡಿಯುವವರಿಲ್ಲ. ತಾಯಿ ನೊಣ ಮೊಟ್ಟೆ ಇಡುವ ಮೊದಲೇ ಅದರ ಒಂದು ತುದಿಯಲ್ಲಿ ಒಂದು ಸಂದೇಶ ಇಟ್ಟಿರುತ್ತದೆ ಎಂದೆ. ಅದರಿಂದಾಗುವ ಪ್ರೋಟೀನು ಆ ತುದಿಯಲ್ಲಿ ಹೆಚ್ಚು, ಹಿಂದೆ ಹೋದಂತೆ ಕಡಿಮೆ. ಒಗ್ಗರಣೆ ಘಾಟು ಒಲೆಯ ಹತ್ತಿರ ಜೋರಾಗಿದ್ದು ಪಡಸಾಲೆಗೆ ಬರುವಷ್ಟರಲ್ಲಿ ತೆಳುವಾಗುವ ಹಾಗೆ. ಹೆಚ್ಚಿರುವ ಕಡೆಯ ಜೀವಕೋಶಗಳು ತಲೆಯಾಗುತ್ತವೆ, ಸ್ವಲ್ಪ ಕಡಿಮೆಯಿರುವ ಕಡೆಯವು ಎದೆ. ತಾಯಿಯಲ್ಲಿ ಆ ಸಂದೇಶ ಬರೆಯುವ ಜೀನು ಕೆಟ್ಟಿದ್ದರೆ ಮರಿಗೆ ತಲೆಯೇ ಮೂಡುವುದಿಲ್ಲ, ಎರಡೂ ತುದಿಯಲ್ಲಿ ಬಾಲ. ತಂದೆ ಎಷ್ಟು ಒಳ್ಳೆಯ ಜೀನು ಕೊಟ್ಟರೂ ಪ್ರಯೋಜನವಿಲ್ಲ. ಅಮ್ಮ ಕಾಯಿ ಬಿಡಿಸುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು.

ತಮ್ಮನ ಹೆಂಡತಿ ಆಗಲೇ ಬಸುರಿ, ಅದು ಅವಳಿಗೂ ಗೊತ್ತಿರಲಿಲ್ಲ. ಐದನೇ ತಿಂಗಳಲ್ಲಿ ಕಡೂರಿನಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರು, ಮಗುವಿನ ತಲೆಬುರುಡೆ ಬೆಳೆದಿಲ್ಲ, ಉಳಿಯುವುದಿಲ್ಲ ಎಂದರು. ಮಗುವನ್ನು ತೆಗೆಸಬೇಕಾಯಿತು. ಆರೈಕೆಗೆಂದು ಅವಳು ಬುಕ್ಕಾಂಬುಧಿಯ ತವರಿಗೆ ಹೋದಳು. ಗಂಡನ ಮನೆಯವರು ಹೋಗಿ ಕರೆಯದೆ ಸೊಸೆ ತಾನಾಗಿ ಬರುವ ಪದ್ಧತಿ ನಮ್ಮಲ್ಲಿಲ್ಲ. ವಾರ ಕಳೆಯಿತು, ತಿಂಗಳು ಕಳೆಯಿತು, ಕರೆಯಲು ಯಾರೂ ಹೋಗಲಿಲ್ಲ.

ಆಗಲೇ ಕಡೂರಿನಲ್ಲಿ ನೆಂಟರ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ಯಾರೋ ಸೊಸೆ ಎಲ್ಲಿ ಎಂದು ಕೇಳಿದರು. ಅಮ್ಮ ಗಟ್ಟಿಯಾಗಿಯೇ ಹೇಳಿದಳು: "ತಾಯಿ ಕೊಡದಿದ್ರೆ ಮಗೂಗೆ ತಲೆ ಬರಲ್ವಂತೆ ಕಣ್ರೀ. ನನ್ನ ಮಗ ಏನ್ ಮಾಡಕ್ಕಾಗುತ್ತೆ? ಇದು ನಾನು ಹೇಳ್ತಿರೋ ಮಾತಲ್ಲ. ಇಲ್ಲೇ ಕೂತಿದ್ದಾಳಲ್ಲ ನನ್ನ ಮಗಳು, ಅವಳು ಹೇಳಿದ್ದು. ಎಂಥಾ ಓದು ಓದಿದ್ದಾಳೆ ಗೊತ್ತಾ?" ಎಲ್ಲರೂ ನನ್ನ ಕಡೆ ನೋಡಿದರು. ನಾನು ಅನ್ನಕ್ಕೆ ಸಾರು ಕಲಸಿದೆ. ಎರಡು ಎಲೆ ಆಚೆ ಕೂತಿದ್ದ ತಮ್ಮ ತಲೆ ಎತ್ತಲೇ ಇಲ್ಲ, ಹೇಡಿ. ಆಮೇಲೆ ಮೂರು ತಿಂಗಳು ಅಮ್ಮ ಇದನ್ನೇ ಊರೆಲ್ಲ ಸಾರಿದಳು, ನಾನು ತುಟಿ ಬಿಚ್ಚಲಿಲ್ಲ.

ತಮ್ಮನಿಗೆ ಬೇರೆ ಹೆಣ್ಣು ನೋಡುವ ಮಾತು ಎದ್ದಾಗ ಮಾತ್ರ ನನಗೆ ಮೈಯೆಲ್ಲ ಉರಿಯಿತು. ಅಜ್ಜಂಪುರಕ್ಕೆ ಹೋಗಿ ಅಮ್ಮನ ಮುಂದೆ ಕೂಗಾಡಿದೆ. "ಮನುಷ್ಯರಲ್ಲಿ ಹಂಗಿಲ್ಲಮ್ಮ! ನಮ್ಮಲ್ಲಿ ಮೊದಮೊದಲ ಜೀವಕೋಶಗಳು ಏನು ಬೇಕಾದ್ರೂ ಆಗ್ಬೋದು, ತಲೆ ಎಲ್ಲಿ ಬರ್ಬೇಕು ಅಂತ ತಾಯಿ ಮೊದಲೇ ಬರೆದು ಕಳಿಸಲ್ಲ. ಬುರುಡೆ ಯಾಕೆ ಮುಚ್ಚಲಿಲ್ಲ ಅಂತ ಎಷ್ಟೋ ಸಲ ಡಾಕ್ಟ್ರಿಗೂ ಗೊತ್ತಾಗಲ್ಲ."

"ಆವತ್ತು ಹೇಳಿದ್ದು ಸುಳ್ಳಾ ಹಂಗಾದ್ರೆ?"

"ಅದು ನೊಣಕ್ಕೆ ನಿಜ."

"ಇದನ್ನ ಆವತ್ತು ಪಂಕ್ತೀಲೇ ಹೇಳ್ಬೇಕಿತ್ತು ಕಣೇ. ಈಗ ನನ್ನ ಮಾನ ಕಳೀಬೇಡ," ಎಂದಳು ಅಮ್ಮ. ನಾನು ತಮ್ಮನನ್ನು ಎಬ್ಬಿಸಿ ಬುಕ್ಕಾಂಬುಧಿಯ ಬಸ್ಸು ಹತ್ತಿಸಿದೆ, ನಾನೂ ಹತ್ತಿದೆ.

ತಮ್ಮನ ಹೆಂಡತಿ ಜಗುಲಿಯ ಮೇಲೆ ಕೂತಿದ್ದಳು. ಸೊರಗಿದ್ದಳು. ತಮ್ಮ "ಬಾ, ಹೋಗಾಣ" ಎಂದ. ಅವಳು ನನ್ನ ಕಡೆ ತಿರುಗಿದಳು.

"ನೊಣದ ವಿಷಯ ಕೇಳಿದ್ದು ನಾನೇ ಅಕ್ಕ, ನೀವು ಹೇಳಿದ್ರಿ, ತಪ್ಪಿಲ್ಲ. ಅತ್ತೆಗೆ ಅದೆಲ್ಲ ತಿಳಿಯಲ್ಲ. ಕಡೂರಿನ ಪಂಕ್ತೀಲಿ ನೀವು ಅಲ್ಲೇ ಇದ್ರಂತೆ. ನಿಮಗೆ ಗೊತ್ತಿತ್ತಲ್ಲ, ಯಾಕೆ ಸುಮ್ನಿದ್ರಿ?"

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಸಮಜಾಯಿಷಿಯನ್ನೆಲ್ಲ ಬದಿಗಿಟ್ಟೆ. ಇದ್ದದ್ದನ್ನೇ ಹೇಳಿದೆ. ಅಮ್ಮ ಹತ್ತು ಜನರ ಮುಂದೆ ನನ್ನ ಓದನ್ನು ಹೊಗಳಿದ್ದು ಅದೊಂದೇ ಸಲ. ಅದನ್ನು ಕಳೆದುಕೊಳ್ಳಲು ಮನಸ್ಸು ಬರಲಿಲ್ಲ ಎಂದೆ.

ಅವಳು ಅಳಲಿಲ್ಲ, ಬೈಯಲೂ ಇಲ್ಲ. "ಅತ್ತೆ ಜೊತೆ ಹೆಂಗೋ ಬಾಳ್ತೀನಿ ಅಕ್ಕ. ನೀವು ಬಂದು ಹೋಗೋ ಮನೇಲಿ ನನ್ನ ಕೈಲಾಗಲ್ಲ," ಎಂದಳು.

ಆ ವಾರವೇ ತಮ್ಮ ಮತ್ತೊಮ್ಮೆ ಹೋಗಿ ಅವಳನ್ನು ಅಜ್ಜಂಪುರಕ್ಕೆ ಕರೆದುಕೊಂಡು ಬಂದ. ನಾನು ಅಂದಿನಿಂದ ತವರಿನ ಹೊಸಿಲು ದಾಟಿಲ್ಲ.