ಫ್ಯೂಸು ನನ್ನ ಜೇಬಿನಲ್ಲೇ ಇತ್ತು

ನಂಬಿ ಅಂತ ನಾನು ಯಾರನ್ನೂ ಒತ್ತಾಯ ಮಾಡುವುದಿಲ್ಲ. ಕಡೂರಿನಲ್ಲಿ ಮೋಟರ್ ರಿಪೇರಿ ಮಾಡಿ ಹೊಟ್ಟೆ ಹೊರೆಯುವವನು ನಾನು. ದೆವ್ವ ಗಿವ್ವ ಅಂದವರನ್ನು ಅಂಗಡಿಯಿಂದಲೇ ಓಡಿಸುತ್ತಿದ್ದೆ. ಆದರೆ ಇದು ನನ್ನ ಕಣ್ಣೆದುರೇ ನಡೆದದ್ದು, ಒಂದಕ್ಷರ ಸುಳ್ಳಿಲ್ಲ.

ಚೌಳಹಿರಿಯೂರಿನ ಹತ್ತಿರ ನಮ್ಮ ಅಕ್ಕನ ಮನೆ. ಭಾವ ಬಡಗಿ. ಮರ ನಯ ಮಾಡುವ ಹಳೇ ರಂದಾ ಮಷೀನೊಂದನ್ನು ತರೀಕೆರೆ ಕಡೆಯಿಂದ ತಂದಿದ್ದರು. ಅದರ ಓನರ್ ತೀರಿಹೋಗಿದ್ದರಂತೆ. ತಂದಾಗಿನಿಂದ ಮೋಟರ್ ಗುಂಯ್ ಅನ್ನುತ್ತಿತ್ತೇ ಹೊರತು ತಿರುಗುತ್ತಿರಲಿಲ್ಲ.

ಆ ಮೋಟರಿಗೆ ಬೇಕಾದ ತ್ರೀ ಫೇಸ್ ಕರೆಂಟ್ ಆ ಊರಿಗೆ ಬರುವುದು ರಾತ್ರಿ. ಹಗಲೆಲ್ಲ ಬೋರ್‌ವೆಲ್ ಮೋಟರ್ ಎತ್ತಿ ನನ್ನ ಸೊಂಟ ಬಿದ್ದುಹೋಗಿತ್ತು. ಆದರೂ ಅಕ್ಕನ ಫೋನಿಗೆ ಇಲ್ಲ ಅನ್ನಲಾಗಲಿಲ್ಲ. ಮನಸ್ಸಿನಲ್ಲೇ ಬೈದುಕೊಂಡು ಬೈಕು ಹತ್ತಿದೆ.

ತೆಂಗಿನ ತೋಟದ ಪಕ್ಕದ ಶೆಡ್ಡು. ನೋಡಿದರೆ, ಮೋಟರಿಗೆ ಬರುವ ಮೂರು ವೈರಿನಲ್ಲಿ ಒಂದರ ತುದಿ ಸುಟ್ಟುಹೋಗಿತ್ತು. ಅಯ್ಯೋ, ಇಷ್ಟಕ್ಕೇನಾ ಅನ್ನಿಸಿತು.

ಮೇನ್ ಬಾಕ್ಸಿನ ಮೂರೂ ಫ್ಯೂಸು ಕಿತ್ತು ಅಂಗಿ ಜೇಬಿಗೆ ಹಾಕಿಕೊಂಡೆ. ನಮ್ಮ ಕಸುಬಿನ ಪದ್ಧತಿ ಅದು. ಫ್ಯೂಸು ಯಾರ ಜೇಬಿನಲ್ಲಿದೆಯೋ ಅವನು ವಾಪಸ್ ಹಾಕುವವರೆಗೆ ಕರೆಂಟಿಲ್ಲ. ಆಮೇಲೆ ಮೋಟರಿನ ವೈರನ್ನೆಲ್ಲ ಬಿಚ್ಚಿ ನೆಲಕ್ಕೆ ಬಿಟ್ಟೆ.

"ಲೇ ಕುಮಾರ, ಫ್ಯೂಸು ನಿನ್ ಜೇಬ್ನಾಗೇ ಐತಲ್ಲ? ಬ್ಲೇಡ್ ತಾವ ಹಳೇ ಮರದ ಹೊಟ್ಟು ಕಟ್ಕೊಂಡೈತೆ, ತೆಗೆದ್ಬಿಡ್ತೀನಿ" ಅಂದರು ಭಾವ.

"ತೆಗೀರಿ ಭಾವ, ನಾನಿದೀನಲ್ಲ."

ಟಾರ್ಚನ್ನು ಪಕ್ಕಕ್ಕಿಟ್ಟು ಬಲಗೈಯನ್ನು ಒಳಗೆ ಹಾಕಿದರು. ಅಕ್ಕನ ಮನೆಯ ಒಲೆ ಉರಿಯುವುದೇ ಆ ಕೈಯಿಂದ.

ಅಷ್ಟರಲ್ಲಿ ಒಂದು ವಾಸನೆ... ಹಸಿ ಹಲಸಿನ ಮರ ಕೊಯ್ದಾಗ ಬರುತ್ತದಲ್ಲ, ಅದು. ಶೆಡ್ಡಿನಲ್ಲಿ ಹಲಸಿನ ತುಂಡು ಒಂದೂ ಇರಲಿಲ್ಲ.

ಅದರ ಹಿಂದೆಯೇ ಶಬ್ದ. ಗುಂಯ್... ವೈರೇ ಇಲ್ಲದ ಮೋಟರಿನಿಂದ!

ಭಾವಾ ಅಂತ ಕೂಗಲು ಬಾಯಿ ತೆರೆದೆ. ನನಗಿಂತ ಮುಂಚೆಯೇ...

"ಕೈ ತೆಗಿಯೋ..."

ಯಾರೋ ಮುದುಕನ ದನಿ. ನನ್ನ ಭುಜದ ಹಿಂದಿನಿಂದ, ಪಿಸುಮಾತಿನಂತೆ. ಭಾವ ಬೆಚ್ಚಿ ಕೈ ಎಳೆದುಕೊಂಡರು. ಎಳೆದುಕೊಂಡಿದ್ದೇ ತಡ, ಬ್ಲೇಡು ಭರ್ ಅಂತ ತಿರುಗಿಬಿಟ್ಟಿತು. ಶೆಡ್ಡಿನ ತಗಡೆಲ್ಲ ಅದುರಿತು. ಆಮೇಲೆ ನಿಧಾನವಾಗಿ ನಿಂತಿತು.

"ಕೈ ತೆಗಿ ಅಂದ್ಯಲ್ಲ, ನಿಂಗೆಂಗೋ ಗೊತ್ತಾಯ್ತು?"

"ನಾನೆಲ್ಲಿ ಅಂದೆ ಭಾವ..."

ಹಿಂದೆ ತಿರುಗಿ ಟಾರ್ಚ್ ಬಿಟ್ಟೆವು. ಬರೀ ಗೋಡೆ. ಜೇಬು ಮುಟ್ಟಿ ನೋಡಿಕೊಂಡೆ, ಮೂರೂ ಫ್ಯೂಸು ಅಲ್ಲೇ ಇದ್ದವು.

ಬೆಳಗಾದ ಮೇಲೆ ಮೋಟರನ್ನು ಪೂರ್ತಿ ಬಿಚ್ಚಿ ನೋಡಿದೆ. ಏನೂ ಸಿಗಲಿಲ್ಲ. ಹೊಸ ವೈರು ಹಾಕಿದೆ, ಈಗ ಚೆನ್ನಾಗಿ ಓಡುತ್ತಿದೆ. ಮಾರಿಬಿಡಿ ಅಂತ ಎಷ್ಟು ಬಡಕೊಂಡರೂ ಭಾವ ಕೇಳಲಿಲ್ಲ.

"ಏಯ್, ಹೋಗಪ್ಪಾ! ಹಳೇ ಓನರ್ರು ನನ್ನ ಕಾಯ್ತಾವ್ರೆ ಕಣೋ."

ಅಕ್ಕ ದಿನಾ ಆ ಮಷೀನಿಗೆ ಊದುಬತ್ತಿ ಹಚ್ಚುತ್ತಾಳೆ. ಅವಳ ಮುಖದಲ್ಲಿನ ನೆಮ್ಮದಿ ನೋಡಲಾಗದೆ ನಾನು ಅಂಗಳಕ್ಕೆ ಎದ್ದು ಹೋಗುತ್ತೇನೆ.

ಕೈ ತೆಗಿ ಅಂದವನು ಒಳ್ಳೆಯವನೇ ಇರಬಹುದು. ಆದರೆ ಮಷೀನನ್ನು ತಿರುಗಿಸಿದವನು ಯಾರು? ಇದನ್ನು ಅಕ್ಕನ ಹತ್ತಿರ ಕೇಳಲು ನನಗೆ ಇನ್ನೂ ಬಾಯಿ ಬಂದಿಲ್ಲ. ಭಾವ ಮಾತ್ರ ಈಗ ಫ್ಯೂಸು ಕೀಳುವುದನ್ನೇ ಬಿಟ್ಟಿದ್ದಾರೆ. ಹೊಟ್ಟು ಕಟ್ಟಿಕೊಂಡರೆ ಹಾಗೆಯೇ ಕೈ ಹಾಕುತ್ತಾರೆ... ಅಪಾಯ ಇದ್ದರೆ ಹಳೇ ಓನರ್ರೇ ಹೇಳುತ್ತಾರಂತೆ.